ಅಮ್ರಾಳ ಹೊಸ್ತಿಲಿಗೆ ನೀರು

ವರ್ಷಕ್ಕೊಮ್ಮೆ, ನವರಾತ್ರಿ ಮುಗಿದ ಮೇಲೆ, ಅವ್ವ ದೊಡ್ಡದೊಂದು ಪೊಟ್ಟಣ ಅರಿಶಿನ ಪುಡಿಯನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಜರ್ಮನಿಯ ಬೊಬ್ಲಿಂಗೆನ್ ಊರಿನ ಮಿಲೆನಾಳಿಗೆ ಪೋಸ್ಟ್ ಮಾಡಿಸುತ್ತಿದ್ದಳು. ಮಿಲೆನಾ ನಮ್ಮ ಹಳೆಯ ಮನೆಯ ಮೇಲಿನ ಮಹಡಿಯವಳು, ಬೋಸ್ನಿಯಾದವಳು. ಅಡಿಗೆಗಿರಬೇಕು ಎಂದುಕೊಂಡು ನಾನು ಇಷ್ಟು ವರ್ಷ ಸುಮ್ಮನೆ ಪೋಸ್ಟಿಗೆ ಹಾಕಿ ಬಂದಿದ್ದೆ. ಆಲೂಗಡ್ಡೆಗೆ ಉಪ್ಪು, ಮೆಣಸಿನಪುಡಿ ಬಿಟ್ಟು ಬೇರೇನೂ ಹಾಕಲೊಲ್ಲದ ಆ ಹೆಂಗಸು ಅಷ್ಟೊಂದು ಅರಿಶಿನ ಏನು ಮಾಡುತ್ತಾಳೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಈ ವರ್ಷ. ಅವ್ವ ಹೋದ ಮೇಲಿನ ಮೊದಲ ನವರಾತ್ರಿ ಅದು. ಅದೇ ದೇಶದ ಯೇನಾ ಊರಿನ ನನ್ನ ಅಡಿಗೆಮನೆಯಲ್ಲಿ ನಿಂತು ಪೊಟ್ಟಣಕ್ಕೆ ದಾರ ಸುತ್ತಿದೆ. ಗಂಟು ಅವ್ವ ಹಾಕುವ ಹಾಗೆ ಬೀಳಲೇ ಇಲ್ಲ. ಪೋಸ್ಟಿಗೆ ಹಾಕಲು ಮನಸ್ಸಾಗದೆ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ಆ ಮನೆಯೇ ಕಣ್ಣ ಮುಂದೆ ಬರುತ್ತಿತ್ತು. ಮನೆಗಿಂತ ಹೆಚ್ಚಾಗಿ ಅದರ ಮೆಟ್ಟಿಲುಗಳು.

ಆ ಕಟ್ಟಡಕ್ಕೆ ನಾಲ್ಕು ಅಂತಸ್ತು, ಅಂತಸ್ತಿಗೊಂದು ಮನೆ. ಎಲ್ಲಕ್ಕಿಂತ ಕೆಳಗೆ ಫ್ರೌ ಹೆಬರ್ಲೆ, ಗಂಡ ತೀರಿಕೊಂಡ ಮೇಲೆ ಕಟ್ಟಡವನ್ನೇ ಸಂಸಾರ ಮಾಡಿಕೊಂಡಿದ್ದ ಜರ್ಮನ್ ಮುದುಕಿ. ಅವಳ ಮೇಲೆ ಅಮ್ರಾ. ಅಮ್ರಾಳ ಮೇಲೆ ನಾವು. ನಮ್ಮ ಮೇಲೆ ಮಿಲೆನಾ. ಅಪ್ಪ ಗೋಕಾಕದವರು, ಪಕ್ಕದ ಸಿಂಡೆಲ್‌ಫಿಂಗೆನ್ನಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ಅಮ್ರಾಳ ಗಂಡನೂ ಮಿಲೆನಾಳ ಗಂಡನೂ ಅಲ್ಲಿಯೇ ಬಣ್ಣ ಹೊಡೆಯುವ ವಿಭಾಗದಲ್ಲಿದ್ದರು. ನಮ್ಮ ಮನೆಯಲ್ಲಿ ದೇವರಿಗೆ ಬೇರೆ ಜಾಗವಿರಲಿಲ್ಲ. ಅಡಿಗೆಮನೆಗೆ ಅಂಟಿಕೊಂಡು ಜರ್ಮನರು ಆಲೂಗಡ್ಡೆ ಇಡುವ ಒಂದು ಗೂಡಿತ್ತು, ಅಲ್ಲೇ ಅವ್ವ ಬಸವಣ್ಣನನ್ನೂ ಎಲ್ಲಮ್ಮನನ್ನೂ ಕೂರಿಸಿದ್ದಳು. ಊರಿಂದ ಯಾರಾದರೂ ಜೋಳದ ಹಿಟ್ಟು ತಂದ ವಾರ ರೊಟ್ಟಿಯ ಹಬ್ಬ. ಅವ್ವ ನೆಲಕ್ಕೆ ಕೂತು ರೊಟ್ಟಿ ಬಡಿದರೆ ಕೆಳಗೆ ಅಮ್ರಾಳ ಮನೆಯ ತೂಗುದೀಪ ಅಲುಗುತ್ತಿತ್ತಂತೆ. ಅಮ್ರಾ ಅದನ್ನೊಂದು ದೂರಾಗಿ ಹೇಳಲಿಲ್ಲ. ದೀಪ ಅಲುಗುವುದು ನಿಂತಿತೆಂದರೆ ತಟ್ಟೆ ಹಿಡಿದು ಮೇಲೆ ಬರುತ್ತಿದ್ದಳು.

ಬೆಳಿಗ್ಗೆ ಹೊಸ್ತಿಲು ತೊಳೆಯದೆ ಅವ್ವ ಒಲೆಯ ಮೇಲೆ ಚಹಾ ಇಟ್ಟವಳಲ್ಲ. ಬಕೆಟ್ಟಿನ ಕೊನೆಯ ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿ ಬಾಗಿಲ ಮುಂದೆ ಸಾರಿಸಿ ಬರುತ್ತಿದ್ದಳು. ಕಟ್ಟಡದ ಕಲ್ಲುಹಾಸೆಲ್ಲ ಬೂದು ಬಣ್ಣ, ನಮ್ಮ ಬಾಗಿಲ ಮೂಲೆಗಳು ಮಾತ್ರ ಹಳದಿ. ಫ್ರೌ ಹೆಬರ್ಲೆ ಬ್ರಶ್ಶು, ಸೋಡಾ ಪುಡಿ ಹಿಡಿದು ಮೊದಲ ವರ್ಷವಿಡೀ ಆ ಹಳದಿಯ ಜೊತೆ ಹೋರಾಡಿ ಸೋತಳು. ಆ ಸೀಮೆಯಲ್ಲಿ ಕೇರ್‌ವೋಖೆ, ಎಂದರೆ ಗುಡಿಸುವ ವಾರ ಎಂಬ ಕಟ್ಟಳೆಯಿದೆ. ಪುಟ್ಟ ಮರದ ಫಲಕವೊಂದು ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಯಾರ ಬಾಗಿಲಲ್ಲಿ ಅದು ತೂಗುತ್ತದೋ ಆ ಶನಿವಾರ ಅವರು ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲನ್ನೂ ಎಲ್ಲರ ಬಾಗಿಲ ಮುಂದಿನ ಜಾಗವನ್ನೂ ಒರೆಸಬೇಕು. ಜರ್ಮನಿಯಲ್ಲಿ ಅವ್ವನಿಗೆ ಯಾರೂ ವಿವರಿಸದೆ ಅರ್ಥವಾದ ಮೊದಲ ಸಂಗತಿ ಇದು.

“ನೋಡ್ರಿ, ಇವರಿಗೂ ಹೊಸ್ತಿಲದ ಬೆಲೆ ಗೊತ್ತೈತಿ,” ಎಂದು ಅಪ್ಪನಿಗೆ ಹೇಳಿದಳಂತೆ. “ನೆನಪ ಮಾಡಾಕ ಒಂದ ಬೋರ್ಡ ಬೇಕಾಗತೈತಿ, ಅಷ್ಟ.”

ಗಂಡಸರು ಬೆಳಗಿನ ಪಾಳಿಗೆ ಹೋದರೆಂದರೆ ಕಟ್ಟಡ ಹೆಂಗಸರದು. ಮೇಲಿನ ಮೂರು ಬಾಗಿಲುಗಳಿಗೆ ಹಗಲು ಹೊತ್ತು ಕೀಲಿಯೇ ಇರಲಿಲ್ಲ. ಅಮ್ರಾ ಉದ್ದ ಹಿಡಿಕೆಯ ತಾಮ್ರದ ಪಾತ್ರೆಯಲ್ಲಿ ಕಾಫಿ ಕುದಿಸುತ್ತಿದ್ದಳು. ಮಿಲೆನಾ ಮನೆಚಪ್ಪಲಿಯಲ್ಲೇ ಟಪಟಪ ಸದ್ದು ಮಾಡುತ್ತ ಅಕ್ರೋಟಿನ ಸಿಹಿ ಹಿಡಿದು ಇಳಿಯುತ್ತಿದ್ದಳು, ದಾರಿಯಲ್ಲಿ ನಮ್ಮ ಬಾಗಿಲು ನೂಕಿ ಅವ್ವನನ್ನೂ ಅವಳ ಚೂಡಾದ ಡಬ್ಬಿಯನ್ನೂ ಎಳೆದುಕೊಳ್ಳುತ್ತಿದ್ದಳು. ನಾನು ಶಾಲೆಯಿಂದ ಬಂದವಳು ಕೆಳಗಿನ ಬಾಗಿಲಲ್ಲಿ ನಿಂತು, ಮೂಗೆತ್ತಿ ವಾಸನೆ ಹಿಡಿದು, ಇವತ್ತು ಯಾರ ಮನೆಯಲ್ಲಿ ಉಣ್ಣುವುದು ಎಂದು ತೀರ್ಮಾನಿಸುತ್ತಿದ್ದೆ. ಆಲೂಗಡ್ಡೆ ತುಂಬಿ ಸುರುಳಿ ಸುತ್ತಿ ಬೇಯಿಸಿದ ಪೀತಾ ಇದ್ದರೆ ಅಮ್ರಾ. ಹುರುಳಿಕಾಯಿಯ ದಪ್ಪ ಸಾರಿದ್ದರೆ ಮಿಲೆನಾ. ಎರಡೂ ಇಲ್ಲದ ದಿನ, ಪಾಪ, ಅವ್ವ. ಶರತ್ಕಾಲ ಬಂತೆಂದರೆ ಅವರಿಬ್ಬರೂ ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ತಂದು ಮಿಲೆನಾಳ ಬಾಲ್ಕನಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ರುಬ್ಬಿ, ಎಣ್ಣೆಯಲ್ಲಿ ಬಾಡಿಸಿ ಚಟ್ನಿ ಮಾಡುತ್ತಿದ್ದರು. ಒಬ್ಬಳು ಸುಟ್ಟರೆ ಇನ್ನೊಬ್ಬಳು ಸುಲಿಯುತ್ತಿದ್ದಳು. ಆ ಸುಟ್ಟ ವಾಸನೆ ವಾರಗಟ್ಟಲೆ ಮೆಟ್ಟಿಲಲ್ಲಿ ನಿಲ್ಲುತ್ತಿತ್ತು. ಎಲ್ಲಾದರೂ ಮೆಣಸಿನಕಾಯಿ ಸುಡುವ ವಾಸನೆ ಬಂದರೆ ನಾನು ಈಗಲೂ ನಡುರಸ್ತೆಯಲ್ಲಿ ನಿಂತುಬಿಡುತ್ತೇನೆ.

ಅವ್ವ ಜರ್ಮನ್ ಕಲಿತದ್ದು ಇವರಿಬ್ಬರಿಂದ. ಇವರು ಕಲಿತದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತ. ಹೀಗಾಗಿ ಅವ್ವನ ಜರ್ಮನ್ನಿಗೆ ಕೊನೆಯವರೆಗೂ ಬೋಸ್ನಿಯಾದ ಒಗ್ಗರಣೆ. ಸೀರೆಯುಟ್ಟ ಹೆಂಗಸು ಬಾಯಿ ತೆರೆದರೆ ಯುಗೊಸ್ಲಾವಿಯಾದವಳ ಹಾಗೆ ಮಾತಾಡುವುದನ್ನು ಕೇಳಿ ಡಾಕ್ಟರು ತಬ್ಬಿಬ್ಬಾಗುತ್ತಿದ್ದರು. ಅಮ್ರಾ, ಮಿಲೆನಾ ತಮ್ಮೊಳಗೆ ಆಡುವ ಭಾಷೆಯ ಹೆಸರೇನು ಎಂದು ನಾನೊಮ್ಮೆ ಕೇಳಿದ್ದಕ್ಕೆ ಇಬ್ಬರೂ ‘ನಾಶ್ಕಿ’ ಎಂದರು. ಹಾಗೆಂದರೆ ‘ನಮ್ಮದು’. ಭಾಷೆಯ ಹೆಸರೇ ‘ನಮ್ಮದು’ ಎಂದು ನಾನು ಬಹಳ ಕಾಲ ನಂಬಿದ್ದೆ. ಅವರ ಮಾತನ್ನು ಇಲ್ಲಿ ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ನೆನಪಿನಲ್ಲಿ ಅಮ್ರಾ, ಮಿಲೆನಾ ಇಬ್ಬರೂ ಅಚ್ಚ ಬೆಳಗಾವಿ ಸೀಮೆಯ ಕನ್ನಡದಲ್ಲೇ ನಗುತ್ತಾರೆ, ಜಗಳಾಡುತ್ತಾರೆ. ಬೇರೆ ಹೇಗೂ ನನಗೆ ಅವರ ದನಿ ಕೇಳಿಸುವುದಿಲ್ಲ.

ಇಬ್ಬರೂ ಒಂದೇ ಊರಿನವರು. ಊರಿನ ಅಂಚಿಗೆ ದೊಡ್ಡ ಹೊಳೆ, ಹೊಳೆಯ ಈಚೆ ಬೋಸ್ನಿಯಾ, ಆಚೆ ಸರ್ಬಿಯಾ. ಅಮ್ರಾ ಮುಸ್ಲಿಂ, ಮಿಲೆನಾ ಸರ್ಬ್ ಜನಾಂಗದ ಕ್ರೈಸ್ತಳು ಎಂಬುದು ನಮಗೆ ಗೊತ್ತಾಗುತ್ತಿದ್ದದ್ದು ಹಬ್ಬಗಳಲ್ಲಿ ಮಾತ್ರ. ಆಗಲೂ ಇಬ್ಬರ ಮನೆಯಿಂದಲೂ ನಮಗೆ ತಿಂಡಿ ಬರುತ್ತಿದ್ದುದರಿಂದ ನಮಗೆ ಲಾಭವೇ. ಅಮ್ರಾಳ ಫ್ರಿಜ್ಜಿನ ಮೇಲೆ ಒಂದು ಫೋಟೋ ಇತ್ತು: ಹೊಳೆಯಲ್ಲಿ ಈಜಿ ಬಂದ ಇಬ್ಬರು ಹುಡುಗರು, ಒದ್ದೆ ಕೂದಲು, ಹೆಗಲ ಮೇಲೆ ಕೈ. ಒಬ್ಬ ಅಮ್ರಾಳ ತಮ್ಮ ಸಮೀರ್, ಇನ್ನೊಬ್ಬ ಮಿಲೆನಾಳ ತಮ್ಮ ಡ್ರಾಗನ್. ಸಮೀರ್ ಒಂದು ಬೇಸಿಗೆ ಅಕ್ಕನ ಮನೆಗೆ ಬಂದು ತಿಂಗಳುಗಟ್ಟಲೆ ಇದ್ದ. ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆಯುವುದನ್ನು ನನಗೆ ಕಲಿಸಿದವನು ಅವನು. ಹೆಣ್ಣುಮಗಳಿಗೆ ಇದೆಂಥ ವಿದ್ಯೆ ಎಂದು ಅಪ್ಪ ಗೊಣಗಿದರು. ಅವ್ವ ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು ತಾನೂ ಕಲಿಯಲು ನೋಡಿ ಬರೀ ಗಾಳಿ ಊದಿದಳು.

ಆಮೇಲೆ ಅವರ ದೇಶದಲ್ಲಿ ಯುದ್ಧ ಬಿತ್ತು. ಹೊರಗಿನವರು ಬಂದು ಮಾಡಿದ ಯುದ್ಧವಾಗಿದ್ದರೆ ನನಗೆ ಅರ್ಥವಾಗುತ್ತಿತ್ತೇನೋ. ಇದು ಒಂದೇ ಬೀದಿಯವರು ಬೀದಿಯ ಇನ್ನೊಂದು ಬದಿಯವರ ಮೇಲೆ ಬಂದೂಕು ಎತ್ತಿದ ಯುದ್ಧ. ನಮ್ಮ ಟೀವಿಯಲ್ಲಿ ಆ ಊರಿನ ಹೆಸರು ಬಂದ ದಿನ ಅವ್ವ ಅರ್ಧ ಲಟ್ಟಿಸಿದ ಚಪಾತಿ ಬಿಟ್ಟು ಎದ್ದು ಹೋಗಿ ಟೀವಿ ಆರಿಸಿದಳು. ಅಮ್ರಾ ಕ್ಯಾಂಟೀನಿನ ಸಂಜೆಯ ಕೆಲಸಕ್ಕೆ ಹೋಗುವುದನ್ನು ಬಿಟ್ಟು ರೇಡಿಯೋ ಮುಂದೆ ಕೂತಳು. ಊರು ಸರ್ಬರ ಸೈನಿಕರ ಕೈಗೆ ಹೋಗಿತ್ತು. ಅಮ್ರಾಳ ತಾಯಿ, ತಂಗಿ ಹೇಗೋ ಗಡಿ ದಾಟಿ ಪಾರಾಗಿದ್ದರು; ಸಮೀರ್ ಎಲ್ಲಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ. ಡ್ರಾಗನ್ ಅದೇ ಊರಿನಲ್ಲಿ ಸೈನಿಕರ ಸಮವಸ್ತ್ರ ಹಾಕಿಕೊಂಡಿದ್ದ. ಕಾಫಿ ನಿಂತಿರಲಿಲ್ಲ, ಆದರೆ ಈಗ ನಮ್ಮ ಅಡಿಗೆಮನೆಯಲ್ಲಿ ಕುದಿಯುತ್ತಿತ್ತು, ಮೂರು ಜನರೂ ಬಟ್ಟಲನ್ನೇ ನೋಡುತ್ತ ಕುಡಿಯುತ್ತಿದ್ದರು. ಒಂದು ದಿನ ಅಮ್ರಾ ಮಿಲೆನಾಳ ಎರಡೂ ಕೈ ಹಿಡಿದುಕೊಂಡಳು.

“ನಿನ್ನ ತಮ್ಮಗ ಒಂದ ಫೋನ್ ಮಾಡು. ಸಮೀರ ಎಲ್ಲೆ ಅದಾನ ಅಂತ ಕೇಳು. ಅಷ್ಟ ಸಾಕು. ನಿನ್ನ ಮತ್ತೇನೂ ಕೇಳೂದಿಲ್ಲ ನಾ.”

“ಲೈನ್ ಹತ್ತವಲ್ದು, ಅಮ್ರಾ.”

“ಮೊನ್ನೆ ನಿಮ್ಮವ್ವನ ಕೂಡ ಮಾತಾಡಿದಿ. ಮೆಟ್ಲದಾಗ ಕೇಳಿಸ್ತು ನನಗ.”

ಮಿಲೆನಾ ಕೈ ಬಿಡಿಸಿಕೊಂಡಳು.

“ನನ್ನ ತಮ್ಮ ಅಂಥಾಂವ ಅಲ್ಲ.”

“ಅಂಥಾಂವ ಅಂತ ನಾ ಅಂದ್ನೇನು? ಕೇಳು ಅಂದೆ. ಬರೇ ಕೇಳು.”

“ಅಂಥಾಂವ ಅಲ್ಲಂವ!” ಎಂದು ಮಿಲೆನಾ ಕೂಗಿ ಎದ್ದ ರಭಸಕ್ಕೆ ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತು. ಒಬ್ಬಳು ಮೇಲೆ ಹತ್ತಿದಳು, ಇನ್ನೊಬ್ಬಳು ಕೆಳಗಿಳಿದಳು. ಎರಡು ಬಾಗಿಲುಗಳಿಗೆ ಕೀಲಿ ಬಿದ್ದ ಸದ್ದು ನಮ್ಮ ನಡುಮನೆಯವರೆಗೂ ಕೇಳಿಸಿತು. ಆ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅವ್ವ ಮೇಜು ಒರೆಸಲಿಲ್ಲ, ಕಾಫಿ ತಾನಾಗಿ ಒಣಗುವವರೆಗೂ ಅದರ ಮುಂದೆ ಕೂತಿದ್ದಳು.

ಗಂಡಸರು ಮಾತು ಬಿಡಲಿಲ್ಲ. ಅವರು ಮೊದಲೂ ಅಷ್ಟಾಗಿ ಮಾತಾಡಿದವರಲ್ಲ. ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಹೆಂಗಸರದೇ ಪೂರ್ತಿ ಮುರಿದುಹೋಯಿತು. ಒಬ್ಬಳ ಚಪ್ಪಲಿಯ ಸದ್ದು ಕೇಳಿದರೆ ಇನ್ನೊಬ್ಬಳು ಬಾಗಿಲ ಹಿಂದೆ ಕಾದು ನಿಲ್ಲುತ್ತಿದ್ದಳು. ‘ನಮ್ಮದು’ ಎಂಬ ಭಾಷೆಯೂ ಇಲ್ಲವಾಯಿತು. ಅಮ್ರಾ ನನಗೆ ಅದು ಬೋಸ್ನಿಯನ್ ಎಂದಳು, ಮಿಲೆನಾ ಸರ್ಬಿಯನ್ ಎಂದಳು, ಎರಡರಲ್ಲೂ ನೀರಿಗೆ ಒಂದೇ ಮಾತು. ಮೆಣಸಿನಕಾಯಿಯನ್ನು ಇಬ್ಬರೂ ಬೇರೆ ಬೇರೆಯಾಗಿ ಸುಟ್ಟರು. ಇಬ್ಬರೂ ನಮಗೆ ಒಂದೊಂದು ಜಾಡಿ ಕಳಿಸಿದರು. ನಾನು ಎರಡನ್ನೂ ರೊಟ್ಟಿಗೆ ಹಚ್ಚಿ ನೋಡಿದೆ, ಯಾವುದು ಯಾರದೆಂದು ತಿಳಿಯಲಿಲ್ಲ. ನನಗೆ ಅಳು ಬಂತು. ಯಾಕೆಂದು ಅಪ್ಪ ಕೇಳಿದರೆ ಖಾರ ಎಂದೆ.

ಆಮೇಲೆ ಬಂದದ್ದು ಮಿಲೆನಾಳ ಗುಡಿಸುವ ವಾರ. ಶನಿವಾರ ಅವಳು ಮೇಲಿನಿಂದ ಒರೆಸುತ್ತ ಇಳಿದಳು, ನಮ್ಮ ಬಾಗಿಲ ಮುಂದೆ ಒರೆಸಿದಳು, ಮುಂದಿನ ಮೆಟ್ಟಿಲೂ ಒರೆಸಿದಳು. ಅಮ್ರಾಳ ಬಾಗಿಲ ಮುಂದಿನ ಜಾಗವನ್ನು ಮಾತ್ರ ಬಿಟ್ಟು, ಆಚೆಯಿಂದ ಮತ್ತೆ ಬಟ್ಟೆ ಅದ್ದಿ ಕೆಳಗಿನವರೆಗೆ ಒರೆಸಿ ಹೋದಳು. ಒದ್ದೆ ಕಲ್ಲಿನ ನಡುವೆ ಆ ಒಂದು ಒಣ ಚೌಕ. ಅದನ್ನು ನೋಡಿದ ಅವ್ವ ಬಾಯಿಗೆ ಸೆರಗು ಹಿಡಿದು ಮನೆಯೊಳಗೆ ಬಂದಳು. ಅಮ್ರಾಳ ವಾರ ಬಂದಾಗ ಮಿಲೆನಾಳ ಬಾಗಿಲ ಮುಂದೆಯೂ ಅದೇ ಆಯಿತು.

“ಸತ್ತ ಮನಿ ಮುಂದಷ್ಟ ಸಾರಿಸಿ ರಂಗೋಲಿ ಹಾಕೂದಿಲ್ಲ,” ಎಂದು ಅವ್ವ ಅಪ್ಪನಿಗೆ ಹೇಳಿದಳು. “ಸಮೀರ ಇದ್ದಾನೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಹೊಸ್ತಿಲ ಒಣಗಿಸಿದ್ರ ನಾವ ಅವನ್ನ ಕೈಯಾರೆ ಸಾಯಿಸಿಧಂಗ ಆಗೂದಿಲ್ಲೇನ್ರಿ?”

“ನಮಗ್ಯಾಕ ಊರ ಉಸಾಬರಿ?” ಎಂದರು ಅಪ್ಪ, ಪೇಪರಿನ ಹಿಂದಿನಿಂದ. “ಅವರ ದೇಶದ ಜಗಳ ಅವರು ನೋಡ್ಕೋತಾರ.”

“ದೇಶದ್ದ ನಾ ಎಲ್ಲೆ ಹೇಳಾಕತ್ತೀನ್ರಿ? ಮೆಟ್ಲದ್ದ ಹೇಳಾಕತ್ತೀನಿ.”

ಅವ್ವ ನಿಪ್ಪಾಣಿಯವಳು. ತವರಿನಲ್ಲಿ ಅಡಿಗೆಮನೆಯ ಮಾತು ಮರಾಠಿ, ಅಂಗಳದ ಮಾತು ಕನ್ನಡ. ಸಿಟ್ಟು ಬಂದರೆ ಅವಳ ಬಾಯಲ್ಲಿ ಮರಾಠಿಯೇ ಬರುತ್ತಿತ್ತು, ಅದಕ್ಕೆ ಅಪ್ಪ ಹುಬ್ಬು ಗಂಟಿಕ್ಕುತ್ತಿದ್ದರು. ಗಡಿಯ ಗದ್ದಲ ಎದ್ದಾಗಲೆಲ್ಲ ಅವಳ ಊರಿನಲ್ಲಿ ಅಂಗಡಿಯ ಬೋರ್ಡುಗಳಿಗೆ ಡಾಂಬರು ಬಳಿಯುತ್ತಿದ್ದರು, ಬಸ್ಸಿಗೆ ಕಲ್ಲು ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಎಲ್ಲರೂ ಅದೇ ನಳದ ಮುಂದೆ ಕೊಡ ಹಿಡಿದು ನಿಲ್ಲಬೇಕಾಗಿತ್ತಲ್ಲ, ಅದಕ್ಕೇ ನಮ್ಮದು ಯುದ್ಧದ ತನಕ ಹೋಗಲಿಲ್ಲ ಎಂಬುದು ಅವಳ ವಾದ. ನನಗೆ ಅದು ಪೂರ್ತಿ ನಿಜ ಎನಿಸುವುದಿಲ್ಲ. ಅಮ್ರಾಳ ಊರಿನಲ್ಲೂ ಒಂದೇ ಹೊಳೆಯ ನೀರು ಕುಡಿದವರೇ ಇದ್ದರು. ಆದರೆ ಅವ್ವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು, ಅವಳು ಬಕೆಟ್ಟು ಹಿಡಿದಳು.

ಮಿಲೆನಾಳ ವಾರದ ಶನಿವಾರ ಅಮ್ರಾ ಸಂತೆಗೆ ಹೋದ ಹೊತ್ತು ನೋಡಿ ಅವ್ವ ಒಂದು ಮಹಡಿ ಇಳಿದು ಆ ಒಣ ಚೌಕವನ್ನು ಒರೆಸಿ ಬಂದಳು. ಅಮ್ರಾಳ ವಾರದಲ್ಲಿ, ಮಿಲೆನಾ ತಾನು ಕೆಲಸ ಮಾಡುವ ಬೇಕರಿಗೆ ಹೋದ ಮೇಲೆ, ಒಂದು ಮಹಡಿ ಹತ್ತಿ ಅಲ್ಲಿಯದನ್ನು ಒರೆಸಿದಳು. ಅದೇ ಬಕೆಟ್ಟು, ಅದೇ ಬಟ್ಟೆ, ನಮ್ಮ ಹೊಸ್ತಿಲಿಗೆ ಹೇಗೋ ಹಾಗೆ. ಒಂದು ಸಲ ಅವಳು ಅಮ್ರಾಳ ಬಾಗಿಲ ಮುಂದೆ ಮೊಣಕಾಲೂರಿ ಕೂತಿದ್ದಾಗ ಫ್ರೌ ಹೆಬರ್ಲೆ ಕಸದ ಡಬ್ಬಿ ಹಿಡಿದು ಮೆಟ್ಟಿಲ ಬುಡದಲ್ಲಿ ಪ್ರತ್ಯಕ್ಷಳಾದಳು. ನಾನು ಮೇಲಿನ ಕಟಕಟೆಯಿಂದ ನೋಡುತ್ತಿದ್ದೆ. ಇದು ನಮ್ಮ ವಾರವಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುದುಕಿ ಅವ್ವನನ್ನು ನೋಡಿದಳು, ಮುಚ್ಚಿದ ಬಾಗಿಲನ್ನು ನೋಡಿದಳು, ಮೇಲೆ ಮಿಲೆನಾಳ ಮನೆಯ ಕಡೆ ನೋಡಿದಳು.

“ಆ ಮೂಲ್ಯಾಗ ಉಳದೈತಿ,” ಎಂದು ಕಾಲಿನಿಂದ ತೋರಿಸಿ, ಕಸ ಚೆಲ್ಲಲು ಹೋದಳು. ಆಮೇಲೆ ಒಂದು ಮಾತೂ ಯಾರ ಮುಂದೂ ಆಡಲಿಲ್ಲ.

ಯುದ್ಧ ನಡೆದಷ್ಟು ಕಾಲವೂ, ಅದು ನಿಂತ ಮೇಲೂ ಈ ಒರೆಸುವಿಕೆ ನಡೆಯಿತು. ನಾನು ದೊಡ್ಡವಳಾದದ್ದು ಆ ನಡು ಮಹಡಿಯಲ್ಲಿ. ಕೆಳಗೆ ಉಂಡದ್ದನ್ನು ಮೇಲೆ ಹೇಳಬಾರದು, ಮೇಲೆ ನಕ್ಕದ್ದನ್ನು ಕೆಳಗೆ ಹೇಳಬಾರದು. ಶಾಲೆಯಲ್ಲಿ ನಾನು ಮಾತು ಕಡಿಮೆ ಎಂದು ಟೀಚರು ಚಿಂತೆ ಮಾಡಿದರು, ಮನೆಯಲ್ಲಿ ಭಾಷೆಗಳು ಹೆಚ್ಚಾಗಿ ಗೊಂದಲವಾಗಿರಬೇಕು ಎಂದರು. ಭಾಷೆ ಹೆಚ್ಚಾಗಿರಲಿಲ್ಲ, ಬಾಗಿಲು ಕಡಿಮೆಯಾಗಿತ್ತು. ಯಾರಾದರೂ ನನ್ನ ಮುಂದೆ ಇನ್ನೊಬ್ಬರನ್ನು ಬೈಯಲು ಶುರು ಮಾಡಿದರೆ ನಾನು ಇವತ್ತಿಗೂ ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ. ನನ್ನ ಗಂಡ ಇದನ್ನು ಒಳ್ಳೆಯ ಗುಣ ಎಂದುಕೊಂಡಿದ್ದಾನೆ, ಪಾಪ.

ಒಂದು ವಸಂತದಲ್ಲಿ ಅಮ್ರಾ ತಾನು ಹೋಗುತ್ತಿದ್ದೇನೆ ಎಂದಳು. ಅವಳ ತಾಯಿ, ತಂಗಿಗೆ ಕೆನಡಾದಲ್ಲಿ ನೆಲೆ ಸಿಕ್ಕಿತ್ತು. ತಾಯಿಗೆ ದೊಡ್ಡ ಮಗಳೂ ಹತ್ತಿರ ಬೇಕಿತ್ತು. ಸಮೀರ್‌ನ ಸುದ್ದಿ ಇರಲೇ ಇಲ್ಲ. ಅವ್ವನಿಗೆ ಅವಳು ಹೋಗುವುದಕ್ಕಿಂತ ಹೀಗೆ ಮಾತಿಲ್ಲದೆ ಹೋಗುವುದು ಸಂಕಟ. ಒಮ್ಮೆ ಸಮುದ್ರ ದಾಟಿದರೆ ಇವರಿಬ್ಬರೂ ಈ ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದಳು. ಒಂದು ಸಲ ಅವಳ ಜೊತೆ ಮಾತಾಡು ಎಂದು ಮಿಲೆನಾಳ ಬಾಗಿಲು ಬಡಿದು ಕೇಳಿಯೂ ನೋಡಿದಳು. ಮಿಲೆನಾ ಮಾತು ಬದಲಿಸಿದಳು. ಹೊರಡುವ ದಿನ ಅವ್ವ ಅಮ್ರಾಳನ್ನು ಮನೆಗೆ ಕರೆದು, ದೇವರ ಗೂಡಿನ ಮುಂದೆ ಮಣೆ ಹಾಕಿ ಕೂರಿಸಿ, ತವರಿಂದ ಹೊರಟ ಮಗಳಿಗೆ ತುಂಬುವ ಹಾಗೆ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ. ಅಮ್ರಾಗೆ ಸೀರೆಯ ಸೆರಗಿಲ್ಲದ್ದರಿಂದ ಸ್ವೆಟರಿನ ಅಂಚನ್ನೇ ಚಾಚಿ ಹಿಡಿದಳು. ಅಕ್ಕಿ ಸಂದಿಯಿಂದ ಸೋರುತ್ತಿತ್ತು, ಇಬ್ಬರೂ ಅಳುತ್ತ ನಗುತ್ತಿದ್ದರು. ಉಡಿಯ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು ಅಮ್ರಾ ತನ್ನ ಮನೆಗೆ ಇಳಿದಳು. ಮತ್ತೆ ಬಂದಾಗ ಅವಳ ಕೈಯಲ್ಲಿ ಆ ತಾಮ್ರದ ಪಾತ್ರೆ ಇತ್ತು. ನಮ್ಮ ಬಾಗಿಲಲ್ಲಿ ನಿಲ್ಲದೆ ನೇರ ಮೇಲೆ ಹತ್ತಿದಳು. ಅವ್ವ ನನ್ನ ತೋಳು ಹಿಡಿದು ಅವಳ ಹಿಂದೆಯೇ ಓಡಿದಳು.

ಮಿಲೆನಾ ಬಾಗಿಲು ತೆರೆದವಳು ಹಿಡಿಕೆ ಹಿಡಿದೇ ನಿಂತಳು.

“ಇಷ್ಟ ವರ್ಷ ನನ್ನ ಹೊಸ್ತಿಲ ಒಣಗಗೊಡಲಿಲ್ಲ ನೀ,” ಎಂದಳು ಅಮ್ರಾ. “ಮಾತ ಬಿಟ್ರೂ ನೀರ ಬಿಡಲಿಲ್ಲ. ಅದನ್ನ ಹೇಳದ ಹೋಗಬಾರದಂತ ಬಂದೆ.”

ಅವ್ವನ ಉಗುರು ನನ್ನ ತೋಳಿಗೆ ಊರಿತು. ಮಿಲೆನಾ ಅಮ್ರಾಳ ತಲೆಯ ಮೇಲಿಂದ ಅವ್ವನನ್ನು ನೋಡಿದಳು. ಅವ್ವ ನೆಲ ನೋಡಿದಳು. ಇಲ್ಲ, ಒರೆಸಿದವಳು ನಾನಲ್ಲ ಎಂದು ಮಿಲೆನಾ ಈಗ ಹೇಳಿದರೆ ಎಲ್ಲ ಮುಗಿಯಿತು ಎಂದು ನನಗೂ ಗೊತ್ತಿತ್ತು.

“ನೀನೂ ಬಿಡಲಿಲ್ಲಲ್ಲ,” ಎಂದಳು ಮಿಲೆನಾ. ಆಮೇಲೆ ಅವಳ ಮುಖ ಕುಸಿಯಿತು. “ನಾ ಕೇಳಿದ್ನಿ, ಅಮ್ರಾ. ಅವತ್ತ ಅಲ್ಲ, ಆಮ್ಯಾಲ ಕೇಳಿದ್ನಿ. ಸಮೀರ ಎಲ್ಲೆ ಅಂದ ಕೂಡ್ಲೆ ಫೋನ್ ಇಟ್ಟಬಿಟ್ಟ. ಅವತ್ತಿನಿಂದ ನನಗ ತಮ್ಮ ಇಲ್ಲ.”

ಅಮ್ರಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಪಾತ್ರೆಯ ಹಿಡಿಕೆ ತಿರುವತೊಡಗಿದಳು. ಫೋನ್ ಇಟ್ಟ ಎಂದರೆ ಏನರ್ಥ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನನಗೂ ತಿಳಿಯಿತು, ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆಯುವ ಸಮೀರ್ ಕಣ್ಣ ಮುಂದೆ ಬಂದ.

“ಇದರಾಗ ಕುದಿಸು,” ಎಂದು ಅಮ್ರಾ ಕೊನೆಗೆ ಪಾತ್ರೆಯನ್ನು ಮೇಲಕ್ಕೆ ಚಾಚಿದಳು. “ಮೂರ ಮಂದೀಗಿ. ಇದು ನಿನಗ ಇರಲಿ, ಅಲ್ಲೆ ನನ್ನ ಕೂಡ ಕುಡ್ಯಾಕ ಯಾರದಾರ?”

ಅವರು ಕಾಫಿಯನ್ನು ಮೆಟ್ಟಿಲ ಮೇಲೆ ಕೂತೇ ಕುಡಿದರು. ಒಳಗೆ ಬಾ ಎಂದು ಮಿಲೆನಾ ಕರೆಯಲಿಲ್ಲ, ಅಮ್ರಾಳೂ ಏಳಲಿಲ್ಲ. ಹಳೆಯ ಹಾಗೆ ಮಾತು ಹರಿಯಲೂ ಇಲ್ಲ. ಕೆಳಗೆ ಸಾಮಾನಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಆದರೂ ನನ್ನ ಬಾಲ್ಯದಿಂದ ಒಂದೇ ಒಂದು ಗಳಿಗೆಯನ್ನು ವಾಪಸು ಕೊಡುತ್ತೇವೆಂದು ಯಾರಾದರೂ ಹೇಳಿದರೆ ನಾನು ಇದನ್ನೇ ಕೇಳುತ್ತೇನೆ: ಮೂವರು ಹೆಂಗಸರ ಬೆನ್ನು, ಒಂದರ ಕೆಳಗೊಂದು ಮೆಟ್ಟಿಲಲ್ಲಿ, ಕಾಫಿಯ ವಾಸನೆ, ನಾಲ್ಕು ಅಂತಸ್ತಿನ ಉದ್ದಕ್ಕೂ ತೆರೆದ ಬಾಗಿಲುಗಳು. ತನ್ನ ಕೆಲಸದ ಬಗ್ಗೆ ಅವ್ವ ಮುಂದೆ ಒಂದೇ ಸಲ ಮಾತಾಡಿದಳು.

“ನಾ ಮಾಡಿದ್ದ ಸುಳ್ಳ ಹೌದು, ಶೈಲಾ. ಆದ್ರ ತೊಳದದ್ದ ಖರೇನ ತೊಳದೇನಿ.”

ರೈಲಿಳಿದು ಆ ಕಟ್ಟಡ ಮುಟ್ಟಿದಾಗ ಮಧ್ಯಾಹ್ನ. ಅಪ್ಪ ನಿವೃತ್ತರಾಗುವ ಹೊತ್ತಿಗೆ ನಾವು ಆ ಮನೆ ಬಿಟ್ಟಿದ್ದೆವು. ಫ್ರೌ ಹೆಬರ್ಲೆ ಹೋಗಿ ಯಾವ ಕಾಲವಾಯಿತೋ. ಈಗ ಮೆಟ್ಟಿಲು ಒರೆಸಲು ಕ್ಲೀನಿಂಗ್ ಕಂಪನಿಯವರು ಬರುತ್ತಾರೆ. ಗುಡಿಸುವ ವಾರದ ಆ ಮರದ ಫಲಕ ಮಿಲೆನಾಳ ಅಡಿಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ಅವಳಿಗೆ ಈಗ ಮೊಣಕಾಲು ಮಡಚಲು ಬರುವುದಿಲ್ಲ, ಗೋಡೆ ಹಿಡಿದು ನಡೆಯುತ್ತಾಳೆ. ನನ್ನನ್ನು ತಬ್ಬಿಕೊಂಡು ಅವ್ವನ ಹೆಸರು ಹಿಡಿದು ಅತ್ತಳು. ಅಮ್ರಾಳ ಪಾತ್ರೆಯಲ್ಲಿ ಕಾಫಿ ಕುದಿಸಿದಳು. ಎಷ್ಟೋ ವರ್ಷಗಳ ನಂತರ ಸಮೀರ್‌ನ ಮೂಳೆ ಸಿಕ್ಕಿ ಮಣ್ಣು ಮಾಡಿದರೆಂದೂ, ಅಮ್ರಾ ಅದಕ್ಕೆಂದು ಊರಿಗೆ ಬಂದಾಗ ಫೋನು ಮಾಡಿದ್ದಳೆಂದೂ, ಈಗಲೂ ಹಬ್ಬಕ್ಕೊಮ್ಮೆ ಮಾಡುತ್ತಾಳೆಂದೂ ಹೇಳಿದಳು. ನಾನು ಕೊಟ್ಟ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದಳು. ಅದನ್ನು ಮಸಾಲೆಯ ಕಪಾಟಿಗೆ ಇಡಲಿಲ್ಲ, ಬಚ್ಚಲಿಗೆ ಒಯ್ದು ಬಕೆಟ್ಟಿನ ಪಕ್ಕ ಇಟ್ಟಳು.

“ಅಡಿಗಿಗಿ ಅಂತ ತಿಳ್ಕೊಂಡಿದ್ದೇನು?” ಎಂದು ನನ್ನ ಮುಖ ನೋಡಿ ನಕ್ಕಳು. “ಅಮ್ರಾ ಕೆನಡಾಕ್ಕ ಹೋದಾಗಿಂದ ಶನಿವಾರಕ್ಕೊಮ್ಮೆ ಆಕಿ ಬಾಗಿಲ ಮುಂದ ಒರಸ್ತಿದ್ನಿ. ಕಡೀ ನೀರಿಗಿ ಒಂದ ಚಿಟಿಕಿ, ನಿಮ್ಮವ್ವನ್ಹಂಗ. ಈ ಮೊಣಕಾಲ ಬಂದ ಮ್ಯಾಲ ನಿಂತಬಿಟ್ಟೈತಿ.”

“ಅವ್ವ ಒರೆಸ್ತಿದ್ದದ್ದು ನಿನಗ ಗೊತ್ತಿತ್ತೇನು?”

“ನನ್ನ ಹೊಸ್ತಿಲ ಮೂಲ್ಯಾಗೂ ಹಳದಿ ಇತ್ತಲ್ಲವಾ. ಬೋಸ್ನಿಯಾದಾಗ ಯಾರ ಬಕೆಟ್‌ನ್ಯಾಗ ಅರಿಶಿಣ ಇರತೈತಿ?”

“ಹಂಗಾರ ಅಮ್ರಾಗ?”

“ಆಕಿಗಿ ನನಗಿಂತ ಮೊದಲ ಗೊತ್ತಿತ್ತು,” ಎಂದಳು ಮಿಲೆನಾ. “ಗೊತ್ತಿದ್ದೂ ಅವತ್ತ ಮ್ಯಾಲ ಹತ್ತಿ ಬಂದಳು. ಬಾಗಿಲ ಬಡ್ಯಾಕ ಒಂದ ನೆಪ ಬೇಕಾಗಿತ್ತು ಆಕಿಗಿ. ತಗ್ಯಾಕ ನನಗೂ ಬೇಕಾಗಿತ್ತು.”

ನಾನು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟೆ. ಪೊಟ್ಟಣದ ದಾರ ಬಿಚ್ಚಿ ಒಂದು ಚಿಟಿಕೆ ಹಾಕಿದೆ. ಒಂದು ಮಹಡಿ ಇಳಿದೆ, ನಮ್ಮ ಹಳೆಯ ಬಾಗಿಲು ದಾಟಿದೆ, ಇನ್ನೊಂದು ಮಹಡಿ ಇಳಿದೆ. ಅಮ್ರಾಳ ಬಾಗಿಲ ಮುಂದೆ ಈಗ ಯಾರದೋ ಮಕ್ಕಳ ಬೂಟುಗಳು. ಅವುಗಳನ್ನು ಬದಿಗಿಟ್ಟು ಮೊಣಕಾಲೂರಿದೆ. ಬೂದು ಕಲ್ಲು ಒಣಗಿತ್ತು, ಆದರೆ ಮೂಲೆಯಲ್ಲಿ, ಚೌಕಟ್ಟಿನ ಬುಡದಲ್ಲಿ, ಹಳದಿ ಇನ್ನೂ ಇತ್ತು. ನಾನು ಒರೆಸುತ್ತಿದ್ದಾಗ ಬಾಗಿಲು ತೆರೆಯಿತು. ಕಂಕುಳಲ್ಲಿ ಮಗು ಎತ್ತಿಕೊಂಡ ಎಳೆಯ ಹೆಂಗಸು ನನ್ನನ್ನೂ ಬಕೆಟ್ಟನ್ನೂ ನೋಡಿ ಗಾಬರಿಯಾದಳು. ಇವತ್ತು ಕಂಪನಿಯವರ ದಿನವಲ್ಲವಲ್ಲ, ನಾವೇ ಒರೆಸಬೇಕಿತ್ತೇ, ಇದು ನಮ್ಮ ಸರದಿಯೇ ಎಂದು ಜರ್ಮನ್‌ನಲ್ಲಿ ಕೇಳಿದಳು.

“ಅಲ್ಲ,” ಎಂದೆ, ಅವ್ವನ ಆ ಬೋಸ್ನಿಯಾದ ಜರ್ಮನ್ನಿನಲ್ಲೇ. “ಈ ವಾರ ನಮ್ಮದು.”